ಬ್ರಿಸ್ಬೇನಿನಲ್ಲಿ ನಾನು ತಟ್ಟಿದ ಚಪ್ಪಾಳೆ

ಒಂದು ಆಟವನ್ನು ಕಲಿಯಲು ಎಂಜಿನಿಯರ್ ಆದವನಿಗೆ ಒಂದು ವಾರ ಧಾರಾಳವಾಗಿ ಸಾಕು. ಹೀಗೆಂದು ನಾನು ನನ್ನ ಹೆಂಡತಿ ವಸುಧಾಳಿಗೆ ಗಂಭೀರವಾಗಿ ಘೋಷಿಸಿದೆ. ಹುರುಳಿಕಾಯಿ ಮುರಿಯುತ್ತಿದ್ದ ಅವಳು ತಲೆ ಎತ್ತಲಿಲ್ಲ.

"ರೀ, ಜೂಂಡಲಪ್ ಆಸ್ಪತ್ರೆಗೆ ನನ್ನನ್ನ ಡ್ಯೂಟಿಗೆ ಡ್ರಾಪ್ ಮಾಡ್ತೀನಿ ಅಂತ ಹೊರಟು, ಮೋಡ ನೋಡ್ಕೊಂಡು ಬೀಚ್ ಹತ್ರ ತಂದು ನಿಲ್ಲಿಸಿದೋರು ನೀವು. ಇಡೀ ಆಟ ಎಚ್ಚರವಾಗಿ ಕೂತು ನೋಡ್ತೀರಾ?"

"ಅದು ಬೇರೆ ವಿಷಯ," ಎಂದೆ.

ಬೇರೆ ವಿಷಯವೇನೂ ಅಲ್ಲ. ಕಣ್ಣು ತೆರೆದುಕೊಂಡೇ ಕನಸು ಕಾಣುವ ಕಾಯಿಲೆ ನನಗೆ ಚಿಕ್ಕಂದಿನಿಂದಲೂ ಇದೆ. ಮೈಸೂರಿನಲ್ಲಿ ಹತೋಟಿಯಲ್ಲಿದ್ದದ್ದು ಪರ್ತ್‌ಗೆ ಬಂದ ಮೇಲೆ ಉಲ್ಬಣಿಸಿತು. ಇಲ್ಲಿ ಆಕಾಶ ದೊಡ್ಡದು, ನದಿ ಅಗಲ. ಕನಸಿಗೆ ಜಾಗ ಜಾಸ್ತಿ!

ಆಟ ಕಲಿಯಬೇಕಾಗಿ ಬಂದದ್ದು ಮಗಳಿಗಾಗಿ. ನಮ್ಮ ಸಿರಿ ಅಡಿಲೇಡಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಜೊತೆಗೆ ಕೆಲಸ ಮಾಡುವ ಮೆಲ್ವಿನ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಅವನ ಅಪ್ಪ ಲಾರೆನ್ಸ್, ಅಮ್ಮ ಹಿಲ್ಡಾ. ಉಡುಪಿ ಕಡೆಯವರು, ಬಹುಕಾಲ ಕುವೈತಿನಲ್ಲಿದ್ದು ಈಗ ಬ್ರಿಸ್ಬೇನಿನಲ್ಲಿ ನೆಲೆಸಿದವರು. ಅವರದು ಚರ್ಚು, ನಮ್ಮದು ಸತ್ಯನಾರಾಯಣ ಪೂಜೆ. ಆ ಬಗ್ಗೆ ಎರಡೂ ಮನೆಗಳಲ್ಲಿ ಆಗಬೇಕಾದ ಗಲಾಟೆ ಆಗಿ, ಎಲ್ಲರಿಗೂ ಸುಸ್ತಾಗಿ, ತಾನಾಗಿಯೇ ನಿಂತಿತ್ತು. ಹಿರಿಯರು ಮುಖಾಮುಖಿ ಕೂತು ಮಾತಾಡುವುದೊಂದು ಬಾಕಿ. ಅಷ್ಟರಲ್ಲಿ ಲಾರೆನ್ಸ್ ಫೋನ್ ಮಾಡಿದರು.

"ಮೂರ್ತಿಯವರೇ, ನೀವಿಬ್ಬರೂ ಇಲ್ಲಿಗೇ ಬನ್ನಿ ಮಾರಾಯ್ರೆ. ಶನಿವಾರ ಒಟ್ಟಿಗೆ ಫೂಟಿ ನೋಡುವಾ. ಮನುಷ್ಯ ಎಂಥವ ಅಂತ ಸ್ಟೇಡಿಯಮ್ಮಿನಲ್ಲಿ ಗೊತ್ತಾಗ್ತದೆ. ಮದುವೆ ಮಾತು ಆಮೇಲೆ."

ಅಂದರೆ ಇದು ಪರೀಕ್ಷೆ! ನಾನು ಫೇಲಾದರೆ ಮಗಳ ಗತಿ?

ಪರ್ತಿನ ವೆಲ್ಷ್‌ಪೂಲ್‌ನಲ್ಲಿ ಗಣಿ ಯಂತ್ರಗಳ ಬಿಡಿಭಾಗ ಇಡುವ ಗೋದಾಮೊಂದರಲ್ಲಿ ನನ್ನ ಕೆಲಸ. ಅಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಡ್ಯಾರಿಲ್ ಹುಟ್ಟಾ ಪರ್ತಿನವನು, ಫೂಟಿ ಎಂಬ ಇಲ್ಲಿನ ಫುಟ್‌ಬಾಲಿಗಾಗಿ ಪ್ರಾಣ ಬಿಡುವವನು. ಅವನು ನನ್ನನ್ನು ಶಿಷ್ಯನಾಗಿ ಸ್ವೀಕರಿಸಿದ. ರಟ್ಟಿನ ಪೆಟ್ಟಿಗೆಯ ಮೇಲೆ ಮೊಟ್ಟೆಯಾಕಾರದ ಮೈದಾನ ಬರೆದ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ ನೆಟ್ಟ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಹೋಯಿತೋ, ಆಗ ಏನೂ ಯೋಚಿಸಬೇಡ, ಎದ್ದು ನಿಂತು ಕೂಗು ಎಂದ. ಊಟದ ಬಿಡುವಿನಲ್ಲಿ ನನ್ನಿಂದ ಎದ್ದು ನಿಂತು ಕೂಗುವ ಅಭ್ಯಾಸವನ್ನೂ ಮಾಡಿಸಿದ. ಶುಕ್ರವಾರದ ಹೊತ್ತಿಗೆ ನಾನು ಸರ್ವಸನ್ನದ್ಧ!

ವಿಮಾನದಲ್ಲಿ ನಿಯಮಗಳನ್ನು ಮನನ ಮಾಡುವುದೆಂದು ನಿಶ್ಚಯಿಸಿದ್ದೆ. ಆದರೆ ಕಿಟಕಿಯ ಪಕ್ಕದ ಸೀಟು ಸಿಕ್ಕಿಬಿಟ್ಟಿತು. ಕೆಳಗೆ ಕೆಂಪು ನೆಲ, ಅದರಾಚೆ ಮತ್ತೂ ಕೆಂಪು ನೆಲ. ಗಂಟೆಗಟ್ಟಲೆ ಒಂದು ಮನೆಯಿಲ್ಲ, ಒಂದು ಬೇಲಿಯಿಲ್ಲ. ಇಷ್ಟೊಂದು ಜಾಗವಿದ್ದೂ ಜನ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯ ಹಾಗೆ ಊರು ಕಟ್ಟಿಕೊಂಡಿದ್ದಾರಲ್ಲ, ಇಲ್ಲೇ ಇರಲಿ ಎಂದು ಮೊದಲು ಕೈ ತೋರಿಸಿದವರು ಯಾರು? ಪರ್ತನ್ನು ಸಮುದ್ರದ ಬಾಯಲ್ಲಿ ಕಟ್ಟದೆ ನದಿಯ ಮೇಲ್ಭಾಗಕ್ಕೆ ಒಯ್ದರು. ಅಡಿಲೇಡಿನಲ್ಲಿ ಬಂದರಿನ ಹತ್ತಿರ ಬೇಕೆಂದು ಗವರ್ನರು, ಒಳಗಿನ ಬಯಲೇ ವಾಸಿ ಎಂದು ಸರ್ವೆ ಮಾಡುವವನು ಜಗಳವಾಡಿದರಂತೆ. ಬ್ರಿಸ್ಬೇನನ್ನು ಮೊದಲು ಸಮುದ್ರತೀರದಲ್ಲಿ ಹೂಡಿ, ಒಗ್ಗದೆ, ಗಂಟುಮೂಟೆ ಕಟ್ಟಿ ನದಿಯ ದಡಕ್ಕೆ ತಂದರಂತೆ. ಇದನ್ನೆಲ್ಲ ಯಾವಾಗಲೋ ಓದಿದ್ದೆ. ಈಗ ಎಲ್ಲವೂ ಮೋಡದ ನೆರಳಿನ ಹಾಗೆ ತೇಲುತ್ತ ಬಂತು. ನಾನೇ ಅಳತೆಯ ಸರಪಳಿ ಹಿಡಿದು ಆ ಕೆಂಪು ನೆಲದಲ್ಲಿ ನಡೆಯುತ್ತಿದ್ದೆ.

"ರೀ, ಬೆಲ್ಟ್ ಬಿಚ್ಚಿ. ಲ್ಯಾಂಡ್ ಆಗಿ ಎಲ್ರೂ ಇಳಿದ್ಹೋದ್ರು!" ಎಂದಳು ವಸುಧಾ.

ಶನಿವಾರ ಮಧ್ಯಾಹ್ನ ಸ್ಟೇಡಿಯಮ್ಮಿನ ಬೀದಿಯಲ್ಲಿ ಊರಿಗೆ ಊರೇ ಒಂದೇ ಬಣ್ಣದ ಜರ್ಸಿ ತೊಟ್ಟು ಹರಿಯುತ್ತಿತ್ತು. ಲಾರೆನ್ಸ್ ತೊಟ್ಟಿದ್ದು ಮಾತ್ರ ಒಗೆದೊಗೆದು ಬಣ್ಣ ಮಾಸಿ, ಹೊಟ್ಟೆಯ ಬಳಿ ಬಿಗಿದುಕೊಂಡಿದ್ದ ಹಳೆಯ ಜರ್ಸಿ. ನನ್ನ ಕೊರಳಿಗೂ ಆ ಬಣ್ಣದ ಸ್ಕಾರ್ಫ್ ಸುತ್ತಿದರು. ನಾವು ನಾಲ್ವರೂ ಮೇಲೆ ಹತ್ತಿ ಕೂತೆವು. ಮೈದಾನ ನೋಡಿದೆ. ಮೊಟ್ಟೆಯಾಕಾರವಿಲ್ಲ! ಕೇರಂ ಬೋರ್ಡಿನ ಹಾಗೆ ಮೂಲೆಗಳಿವೆ! ತುದಿಯಲ್ಲಿ ಎರಡೇ ಕಂಬ, ಅವುಗಳ ನಡುವೆ ಬಟ್ಟೆ ಒಣಹಾಕಲು ಕಟ್ಟಿದಂತೆ ಒಂದು ಅಡ್ಡಪಟ್ಟಿ.

"ಲಾರೆನ್ಸರೇ, ಇನ್ನೆರಡು ಕಂಬ ಎಲ್ಲಿ?"

ಲಾರೆನ್ಸ್ ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. "ಅಯ್ಯೋ ದೇವರೇ! ಒಳ್ಳೆ ತಮಾಷೆ ಮಾಡ್ತೀರಿ ನೀವು!" ಎಂದು ಅಕ್ಕಪಕ್ಕದ ಸೀಟಿನವರಿಗೂ ಇಂಗ್ಲಿಷಿನಲ್ಲಿ ಹೇಳಿದರು. ಅವರೂ ನಕ್ಕರು. ನಾನೂ ನಕ್ಕೆ. ಏಕೆಂದು ನನಗೆ ಗೊತ್ತಿರಲಿಲ್ಲ!

ವಸುಧಾ ನನ್ನ ಕಿವಿಗೆ ಬಾಗಿದಳು. "ರೀ, ಇದು ರಗ್ಬಿ ಲೀಗ್. ನಮ್ ಪರ್ತ್ ಕಡೆ, ಅಡಿಲೇಡ್ ಕಡೆ ಫೂಟಿ ಅಂದ್ರೆ ನೀವು ಕಲಿತ ಆಟ. ಈ ಊರಲ್ಲಿ ಫೂಟಿ ಅಂದ್ರೆ ಇದು. ನಮ್ ವಾರ್ಡಲ್ಲಿರೋ ಬ್ರಿಸ್ಬೇನ್ ನರ್ಸ್ ಹೇಳಿದ್ಲು."

"ಮೊದಲೇ ಹೇಳಬಾರದಿತ್ತಾ?"

"ಎಂಜಿನಿಯರಿಗೆ ನಾನೇನ್ರೀ ಹೇಳೋದು?"

ಆಟ ಶುರುವಾಯಿತು. ಇಲ್ಲಿ ಚೆಂಡನ್ನು ಕೈಯಿಂದ ಹಿಂದಕ್ಕೇ ಎಸೆಯಬೇಕಂತೆ, ಆದರೆ ಮುಂದಕ್ಕೆ ಹೋಗಬೇಕಂತೆ. ನನ್ನ ಉದ್ಯೋಗಜೀವನದ ಹಾಗೇ ಇದೆ ಎಂದುಕೊಂಡು ತಲೆಯಾಡಿಸುತ್ತ ಕೂತೆ. ತಲೆಯಾಡಿಸುವವನನ್ನು ಜಗತ್ತು ಬೇಗ ನಂಬುತ್ತದೆ. ಲಾರೆನ್ಸ್ ಹುರುಪಿನಿಂದ ಮಾತಿಗಿಳಿದರು.

"ಪರ್ತಿಗೂ ಒಂದು ಟೀಮ್ ಕೊಡ್ತಾರಂತಲ್ಲ! ಅಲ್ಲಿ ನೋಡುವವರು ಯಾರು? ಹಿಂದೆ ನಿಮ್ಮಲ್ಲೂ ಒಂದಿತ್ತಂತೆ, ಅಡಿಲೇಡಿನಲ್ಲೂ ಇತ್ತಂತೆ. ಎರಡೂ ನಿಲ್ಲಲಿಲ್ಲ. ಜನ ಇರುವಲ್ಲಿ ಮಾಡ್ಬೇಕು ಮಾರಾಯ್ರೆ, ಟೀಮ್ ಆದ್ರೂ ಅಷ್ಟೆ, ಮದುವೆ ಆದ್ರೂ ಅಷ್ಟೆ. ನಮ್ಮ ಜನ ಎಲ್ಲ ಇಲ್ಲೇ ಇರುವುದು."

ಇದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಯೋಚಿಸತೊಡಗಿದೆ. ಅಲ್ಲೇ ನನ್ನ ಅಧಃಪತನ ಆರಂಭವಾಯಿತು.

ಹೊತ್ತು ಇಳಿಯುತ್ತಿತ್ತು. ಎದುರಿನ ಸಾಲುಗಳ ಮೇಲೆ ಬಿಸಿಲು ಜೇನಿನ ಹಾಗೆ ನಿಧಾನವಾಗಿ ಜಾರುತ್ತಿತ್ತು. ಸಾವಿರಾರು ಜನರ ಮಾತು ಬೆರೆತು, ದೂರದ ಅಲೆಯ ಸದ್ದಿನಂತೆ ಕೇಳುತ್ತಿತ್ತು. ಆ ಸದ್ದಿನಲ್ಲಿ ಸ್ಟೇಡಿಯಮ್ಮು ಕರಗಿತು. ಕಟ್ಟಡಗಳು ಒಂದೊಂದಾಗಿ ಆರಿದವು. ಬರೀ ನದಿ, ಅದರ ಬಾಗಿದ ದಡ, ನೀರಿಗೆ ಬಾಗಿದ ಮರಗಳು. ಸಮುದ್ರತೀರದಿಂದ ಸೋತು ಬಂದ ದೋಣಿಯೊಂದು ಮೆಲ್ಲಗೆ ತೇಲುತ್ತಿದೆ. ದೋಣಿಯಲ್ಲಿ ನಾನಿದ್ದೇನೆ. ಹೆಂಡತಿ ಹುರುಳಿಕಾಯಿ ಮುರಿಯುತ್ತಿದ್ದಾಳೆ. ಊರನ್ನು ಎಲ್ಲಿ ಕಟ್ಟೋಣ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದಾರೆ. ನಾನು ದಡದತ್ತ ಕೈಯೆತ್ತಿ ಇನ್ನೇನು ಹೇಳಬೇಕು...

ಎಲ್ಲವೂ ನಿಶ್ಶಬ್ದವಾಯಿತು. ಆ ನಿಶ್ಶಬ್ದಕ್ಕೇ ನನಗೆ ಎಚ್ಚರವಾದದ್ದು. ಕಣ್ಣೆದುರಿಗೆ ಚೆಂಡು ಗಾಳಿಯಲ್ಲಿ ತಿರುಗುತ್ತ, ಎರಡು ಎತ್ತರದ ಕಂಬಗಳ ನಟ್ಟನಡುವೆ ಹಾದುಹೋಯಿತು. ಡ್ಯಾರಿಲ್‌ನ ಪಾಠ ಮೈಯೊಳಗೆ ಮಿಂಚಿತು. ಏನೂ ಯೋಚಿಸಲಿಲ್ಲ! ಎದ್ದು ನಿಂತೆ. ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟುತ್ತ ಕೂಗಿದೆ: "ಶಭಾಷ್! ಶಭಾಷ್!"

ಒದ್ದವನು ಸಿಡ್ನಿಯಿಂದ ಬಂದ ಎದುರಾಳಿ ತಂಡದವನು.

ಅಷ್ಟು ದೊಡ್ಡ ಜನಸಾಗರದಲ್ಲಿ ನಾನೊಬ್ಬನೇ ನಿಂತಿದ್ದೆ. ಎದ್ದ ರಭಸಕ್ಕೆ ಮಡಿಲಲ್ಲಿದ್ದ ಹಾಟ್ ಚಿಪ್ಸು ಮತ್ತು ಟೊಮ್ಯಾಟೊ ಸಾಸು ಹಾರಿ ಲಾರೆನ್ಸರ ಜರ್ಸಿಯ ಎದೆಯ ಮೇಲೆ ಬಿತ್ತು. ಯಾರೋ ಬೆರಳು ತೋರಿಸಿದರು. ತಲೆಯೆತ್ತಿದರೆ ದೊಡ್ಡ ಪರದೆಯ ಮೇಲೆ ಒಬ್ಬ ಬೋಳುತಲೆಯ ಮನುಷ್ಯ, ಬ್ರಿಸ್ಬೇನಿನ ಸ್ಕಾರ್ಫ್ ಸುತ್ತಿಕೊಂಡು, ಸಿಡ್ನಿಗೆ ಚಪ್ಪಾಳೆ ತಟ್ಟುತ್ತಿದ್ದ. ಎಂಥ ನಂಬಿಕೆದ್ರೋಹಿ ಎಂದುಕೊಂಡೆ. ಆಮೇಲೆ ಅವನು ನನ್ನ ಶರ್ಟನ್ನೇ ಹಾಕಿಕೊಂಡಿರುವುದು ಕಂಡಿತು! ಬೂ ಎಂಬ ಕೂಗು ನಾಲ್ಕೂ ದಿಕ್ಕಿನಿಂದ ಎದ್ದಿತು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅಡಿಲೇಡಿನಲ್ಲಿ ಟಿವಿ ನೋಡುತ್ತಿದ್ದ ಮಗಳ ಸಂದೇಶ: "ಡ್ಯಾಡ್, ಪ್ಲೀಸ್ ಸಿಟ್ ಡೌನ್."

ಕೂತೆ. ಬ್ರಿಸ್ಬೇನ್ ಸೋತಿತು.

ಲಾರೆನ್ಸ್ ರಸ್ತೆಯನ್ನೇ ದಿಟ್ಟಿಸುತ್ತ ಕಾರು ಓಡಿಸಿದರು. ಹಿಂದಿನ ಸೀಟಿನಲ್ಲಿ ಹಿಲ್ಡಾ ಮತ್ತು ವಸುಧಾ ಮಾತ್ರ ಏನೂ ಆಗಿಲ್ಲವೆಂಬಂತೆ ಬ್ರಿಸ್ಬೇನಿನ ಹಲಸಿನ ಹಣ್ಣಿನ ಬಗ್ಗೆ ಮಾತಾಡುತ್ತಿದ್ದರು. ಮಗಳ ಮುಖ ನನ್ನ ಕಣ್ಣ ಮುಂದೆ ಬಂತು. ಒಂದು ಚಪ್ಪಾಳೆಯಿಂದ ಸಂಬಂಧ ಮುರಿದ ಮೊದಲ ತಂದೆ ನಾನೇ ಇರಬೇಕು!

ಮನೆಯಲ್ಲಿ ಹಿಲ್ಡಾ ಚಹಾ ಇಟ್ಟರು. ಲಾರೆನ್ಸ್ ಆ ಜರ್ಸಿಯಲ್ಲೇ ನನ್ನೆದುರು ಕೂತು ಕೇಳಿದರು: "ನಿಜ ಹೇಳಿ ಮೂರ್ತಿಯವರೇ. ನೀವು ಯಾರ ಕಡೆ?"

"ಯಾರ ಕಡೇನೂ ಅಲ್ಲ ಲಾರೆನ್ಸರೇ. ನಾನು ಆಟದಲ್ಲೇ ಇರಲಿಲ್ಲ. ಈ ಊರನ್ನ ನದಿ ಪಕ್ಕ ತಂದು ಯಾಕೆ ಇಟ್ರು ಅಂತ ಯೋಚನೆ ಮಾಡ್ತಾ ದೋಣೀಲಿ ಹೋಗ್ಬಿಟ್ಟೆ. ನನಗೆ ಈ ಆಟ ಗೊತ್ತೇ ಇಲ್ಲ. ಕಂಬದ ವಿಷ್ಯ ಕೇಳಿದ್ದು ತಮಾಷೆ ಅಲ್ಲ."

ಸಮುದ್ರತೀರದ ಮೊದಲ ಊರು, ಅದು ಒಗ್ಗದೆ ಎದ್ದು ಬಂದ ಜನ, ಎಲ್ಲವನ್ನೂ ಹೇಳಿದೆ. ಲಾರೆನ್ಸ್ ಲೋಟ ಕೆಳಗಿಟ್ಟರು.

"ಅವರಿಗೂ ಮೊದಲ ಜಾಗ ಸರಿ ಹೋಗ್ಲಿಲ್ಲವಾ?" ಎಂದರು ಮೆಲ್ಲಗೆ. "ಕುವೈತಿನಿಂದ ಇಲ್ಲಿ ಬಂದಾಗ ನನಗೆ ಒಬ್ಬನೂ ಪರಿಚಯ ಇಲ್ಲ. ಮನೆಯಲ್ಲಿ ಕೂತ್ರೆ ಹುಚ್ಚು ಹಿಡಿತಿತ್ತು. ಪಕ್ಕದ ಮನೆಯವ ಒಂದು ದಿನ ಮ್ಯಾಚಿಗೆ ಕರ್ಕೊಂಡು ಹೋದ. ಈ ಜರ್ಸಿ ಅವ ಕೊಟ್ಟದ್ದು. ನನಗೂ ಆಟ ಗೊತ್ತಿರಲಿಲ್ಲ ಮಾರಾಯ್ರೆ. ಎಲ್ಲರೂ ಎದ್ದಾಗ ಎದ್ದೆ, ಕೂಗಿದಾಗ ಕೂಗಿದೆ. ನೀನು ಎಲ್ಲಿಯವ ಅಂತ ಆ ದಿನ ಯಾರೂ ಕೇಳಲಿಲ್ಲ."

ಸಾಸಿನ ಕಲೆಯನ್ನೇ ನೋಡುತ್ತ ಕೂತೆ. "ಬಿಡಿ, ನಿಂಬೆಹಣ್ಣು ಹಾಕಿ ತಿಕ್ಕಿದ್ರೆ ಹೋಗ್ತದೆ," ಎಂದರು ಹಿಲ್ಡಾ.

"ನಾನು ಎಲ್ಲರ ಒಟ್ಟಿಗೆ ಎದ್ದೆ. ನೀವು ಒಬ್ಬರೇ ಎದ್ರಿ! ಅಷ್ಟೇ ವ್ಯತ್ಯಾಸ," ಎಂದು ಲಾರೆನ್ಸ್ ಗಹಗಹಿಸಿ ನಕ್ಕರು. ಆ ನಗುವಿನಲ್ಲಿ ನಾವು ಬೀಗರಾದೆವು.

ಹಾಗಾದ ಮೇಲೆ ಧೈರ್ಯ ಬಂತು. ಭೂಪಟ ಬಿಡಿಸಿ, ಮದುವೆ ಎಲ್ಲಿ, ಮಕ್ಕಳು ಮುಂದೆ ನೆಲೆಸುವುದು ಎಲ್ಲಿ ಎಂದು ಇಬ್ಬರೂ ಚರ್ಚೆಗೆ ಕೂತೆವು. ಅವರು ಬ್ರಿಸ್ಬೇನಿನ ಜನಬಲವನ್ನು ಎತ್ತಿಹಿಡಿದರು. ನಾನು ಪರ್ತಿನ ಆಕಾಶವನ್ನು. ಸಾಮ್ರಾಜ್ಯ ಸ್ಥಾಪಕರ ಗಾಂಭೀರ್ಯದಿಂದ ನಾವು ವಾದಿಸುತ್ತಿರುವಾಗ ವಸುಧಾ ಫೋನ್ ಹಚ್ಚಿ ನಡುವೆ ಇಟ್ಟಳು.

"ಡ್ಯಾಡ್, ಅಂಕಲ್, ವಿ ಹ್ಯಾವ್ ಆಲ್ರೆಡಿ ಟೇಕನ್ ಎ ಹೌಸ್," ಎಂದಿತು ಮಗಳ ದನಿ. "ಇಲ್ಲೇ ಅಡಿಲೇಡಲ್ಲಿ, ಇನ್ ಬ್ಲೇರ್ ಅಥಾಲ್. ಮದುವೆ ಹಾಲ್ ಕೂಡ ಇಲ್ಲೇ ಬುಕ್ ಆಗಿದೆ. ಅಮ್ಮನಿಗೆ, ಆಂಟಿಗೆ ಗೊತ್ತು."

ಅಮ್ಮನೂ ಆಂಟಿಯೂ ಹಲಸಿನ ಹಣ್ಣಿನ ಮಾತಿಗೆ ಮರಳಿದರು.

"ಬ್ಲೇರ್ ಅಥಾಲೇ ಯಾಕಮ್ಮ?" ಎಂದೆ. ಗಾಳಿಯ ದಿಕ್ಕೋ, ಬೆಟ್ಟದ ನೋಟವೋ, ಏನಾದರೂ ಗಹನವಾದ ಕಾರಣವಿರಬೇಕು.

"ಇಂಡಿಯನ್ ಗ್ರೋಸರಿ ಹತ್ರ ಇದೆ ಡ್ಯಾಡ್. ಅಂಡ್ ಪಾರ್ಕಿಂಗ್ ಈಸಿ."

ಬೀಗರು ನನ್ನ ಮುಖ ನೋಡಿದರು, ನಾನು ಬೀಗರ ಮುಖ ನೋಡಿದೆ.

ಮದುವೆ ಚೆನ್ನಾಗಿಯೇ ಆಯಿತು. ಅದರ ಯಾವ ಏರ್ಪಾಡನ್ನೂ ನಮಗೆ ವಹಿಸಿರಲಿಲ್ಲ. ಮರುವಾರ ಹೊಸ ಮನೆಗೆ ಸಾಮಾನು ಸಾಗಿಸುವಾಗ ಮಗಳಿಗೆ ನಮ್ಮ ಮೇಲೆ ಕನಿಕರ ಬಂತು. ವಾಷಿಂಗ್ ಮೆಷಿನ್ ಎಲ್ಲಿಡಬೇಕೆಂದು ಡ್ಯಾಡ್ ಮತ್ತು ಅಂಕಲ್ ನಿರ್ಧರಿಸಲಿ ಎಂದಳು. ನಾವು ಮನೆಯನ್ನೆಲ್ಲ ಸುತ್ತಿದೆವು. ಗಾಳಿ ನೋಡಿದೆವು, ಬೆಳಕು ನೋಡಿದೆವು. ಸಂಜೆಯ ಬಿಸಿಲು ಬೀಳುವ, ಕಿಟಕಿಯಿಂದ ದೂರದ ಗುಡ್ಡಗಳು ನೀಲಿಯಾಗಿ ಕಾಣುವ ಮೂಲೆಯೊಂದನ್ನು ಸರ್ವಾನುಮತದಿಂದ ಆರಿಸಿ, ಇಬ್ಬರೂ ಸೊಂಟ ಹಿಡಿದುಕೊಳ್ಳುವವರೆಗೆ ತಳ್ಳಿ, ಮೆಷಿನ್ನನ್ನು ಅಲ್ಲಿ ಪ್ರತಿಷ್ಠಾಪಿಸಿದೆವು. "ಇದಕ್ಕಿಂತ ಒಳ್ಳೆ ಜಾಗ ಇಲ್ಲ ಮಾರಾಯ್ರೆ," ಎಂದರು ಬೀಗರು.

ಅಲ್ಲಿ ನಲ್ಲಿ ಇರಲಿಲ್ಲ!