ಎರ್ಮಿನಿಯೊನ ಎಡಗೈ ವಾಚು

ಲೊರೆದಾನಾ: ಎರಡು ತೋಳೂ ಒಂದೇ ಅಳತೆ ಇರಲಿ ಮಾಸ್ಟರ್. ಎಡಗೈ ಕಫ್ಫು ಅಗಲ ಮಾಡೋದು ಬೇಡ್ವೇ ಬೇಡ.

ಎರ್ಮಿನಿಯೊ: ಬೇಕು. ಎರಡು ಬೆರಳು ಅಗಲ ಬೇಕು.

ಲೊರೆದಾನಾ: ಬೇಡ ಅಂದ್ನಲ್ಲ!

ಎರ್ಮಿನಿಯೊ: ಅಂಗಿ ಹಾಕ್ಕೊಳೋನು ನಾನೋ ನೀನೋ?

ಲೊರೆದಾನಾ: ಹಾಕ್ಕೊಳೋನು ನೀನು, ಹರಿದಿದ್ದನ್ನ ಹೊಲಿಯೋಳು ನಾನು. ಮಾಸ್ಟರ್, ಇವನ ಯಾವ ಅಂಗಿ ಬೇಕಾದ್ರೂ ತೆಗೆದು ನೋಡಿ. ಬಲಗಡೆ ತೋಳು ಅಂಗಡಿಯಿಂದ ಈಗ ತಂದ ಹಾಗಿರುತ್ತೆ, ಎಡಗಡೆ ತೋಳು ಇಲಿ ಕಡಿದ ಹಾಗಿರುತ್ತೆ. ಎಲ್ಲ ಆ ಬಾಣಲೆ ಮುಚ್ಚಳದ ಕೃಪೆ!

ಬಾಣಲೆ ಮುಚ್ಚಳ ಅಂದರೆ ಎರ್ಮಿನಿಯೊನ ಕೈಗಡಿಯಾರ. ಇಟಲಿಯ ಲಾ ಸ್ಪೆಜಿಯಾದ ಬಂದರಿನಲ್ಲಿ ಒಂದು ಕಾಲಕ್ಕೆ ಮುಳುಗುಗಾರರು ಕಟ್ಟುತ್ತಿದ್ದ ಮಾಲು ಅದು. ಸಮುದ್ರದ ತಳದ ಕತ್ತಲಲ್ಲೂ ಕಾಣಲಿ ಅಂತ ಅಷ್ಟು ದಪ್ಪ, ಅಷ್ಟು ಅಗಲ. ಪಟ್ಟಿಯೋ, ಎತ್ತಿನ ಕೊರಳಿಗೆ ಕಟ್ಟುವಂಥದ್ದು. ಪುಣ್ಯಾತ್ಮ ಅದನ್ನು ಕಟ್ಟಿಕೊಂಡೇ ಉಣ್ಣುತ್ತಾನೆ, ಕಟ್ಟಿಕೊಂಡೇ ಮೀಯುತ್ತಾನೆ, ಕಟ್ಟಿಕೊಂಡೇ ಮಲಗುತ್ತಾನೆ. ಊರಿನವರು ಅದನ್ನು ಶೋಕಿ ಅಂದುಕೊಂಡಿದ್ದರು. ಶೋಕಿಯೂ ಅಲ್ಲ, ಮಣ್ಣೂ ಅಲ್ಲ. ಆ ವಾಚಿನ ಅಡಿಯಲ್ಲಿ ಒಂದು ಹೆಸರಿತ್ತು.

ವಯಸ್ಸು ಇಪ್ಪತ್ತು, ನೌಕಾಪಡೆಯಲ್ಲಿ ಕೆಲಸ, ಹಡಗು ತಾರಾಂತೊ ಬಂದರಿನಲ್ಲಿ. ಐಸ್‌ಕ್ರೀಮ್ ಅಂಗಡಿಯ ಹುಡುಗಿಯೊಬ್ಬಳು ಎರಡು ಸಲ ನಕ್ಕಳು ಅಂತ ನಮ್ಮ ಎರ್ಮಿನಿಯೊ ಕುಡಿದ ಅಮಲಿನಲ್ಲಿ ಅವಳ ಹೆಸರನ್ನು ಮಣಿಕಟ್ಟಿನ ಮೇಲೆ ಹಚ್ಚೆ ಹಾಕಿಸಿಕೊಂಡುಬಿಟ್ಟ. ಹಚ್ಚೆಯ ಗಾಯ ಒಣಗುವ ಮೊದಲೇ ಅವಳು ಇನ್ಯಾರನ್ನೋ ಮದುವೆಯಾಗಿ ಹೋದಳು. ಮುಂದೆ ಲೊರೆದಾನಾಳ ಜೊತೆ ಮದುವೆ ಗೊತ್ತಾದಾಗ, ಒಂದು ಸಂಜೆ ಇಬ್ಬರೂ ಕಡಲ ದಂಡೆಯಲ್ಲಿ ಅಡ್ಡಾಡುತ್ತಿದ್ದರು. ತೋಳ ಮೇಲೆ ಹುಡುಗಿಯ ಹೆಸರು ಬರೆಸಿಕೊಂಡ ನಾವಿಕನೊಬ್ಬ ಎದುರು ಬಂದ. ‘ಇಂಥವನನ್ನ ಕಟ್ಟಿಕೊಳ್ಳೋಳು ಕಣ್ಣು ಕಟ್ಟಿಕೊಂಡೇ ಬಾಳಬೇಕು’ ಅಂದಳು ಲೊರೆದಾನಾ. ಉದ್ದ ತೋಳಿನ ಅಂಗಿ ತೊಟ್ಟಿದ್ದ ಎರ್ಮಿನಿಯೊ ಎಡತೋಳನ್ನು ಬೆರಳವರೆಗೂ ಎಳೆದುಕೊಂಡ. ಮಾರನೇ ದಿನ ಹಳೇ ಸಾಮಾನಿನ ಸಂತೆಗೆ ಓಡಿ, ಇದ್ದುದರಲ್ಲೇ ಅಗಲವಾದ ವಾಚನ್ನು ಕೊಂಡ. ಅವತ್ತಿನಿಂದ ಇವತ್ತಿನವರೆಗೆ ಮೂವತ್ತು ವರ್ಷ, ಹೆಂಡತಿಯ ಎದುರು ಒಮ್ಮೆಯೂ ಬಿಚ್ಚಿದವನಲ್ಲ.

ಈಗ ಕಷ್ಟ ಬಂದದ್ದು ಹೀಗೆ. ಶನಿವಾರ ಮಗಳು ಸೆರೆನಾಳ ಮದುವೆ. ಹುಡುಗನ ತಾಯಿ, ಅಂದರೆ ಬೀಗಿತ್ತಿ, ಬೀಗರು ಅವತ್ತು ಕಟ್ಟಿಕೊಳ್ಳಲಿ ಅಂತ ಉಡುಗೊರೆಯಾಗಿ ಕಾಗದದಷ್ಟು ತೆಳ್ಳಗಿನ ಚಿನ್ನದ ವಾಚು ಕಳಿಸಿದ್ದಾರೆ. ಅದರ ಅಡಿಯಲ್ಲಿ ಒಂದು ಅಕ್ಷರವೂ ಅಡಗದು. ಸಾಲದ್ದಕ್ಕೆ ಬೀಗಿತ್ತಿಯ ಹೆಸರು ಫೆದೋರಾ. ಐಸ್‌ಕ್ರೀಮ್ ಅಂಗಡಿಯ ಹುಡುಗಿಯ ಹೆಸರೂ ಫೆದೋರಾ. ಅವಳು ಬೇರೆ, ಇವಳು ಬೇರೆ. ಆದರೆ ಇಡೀ ಚರ್ಚಿಗೆ ಅದನ್ನು ಹೇಳುತ್ತ ಕೂರುವವರು ಯಾರು?

ದರ್ಜಿ ನಜಾರಿಯೊ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದ.

ನಜಾರಿಯೊ: ಜಗಳ ಬೇಡ. ತೆಳ್ಳನೆ ವಾಚು ಅಂದ್ರೆ ಬರಿಗೈ ಅಳತೆ ತಗೋಬೇಕು. ಅದನ್ನ ಬಿಚ್ಚಿ ಎರ್ಮಿನಿಯೊ ಅವರೇ, ಅರ್ಧ ನಿಮಿಷದ ಕೆಲಸ.

ಎರ್ಮಿನಿಯೊ: ಬಿಚ್ಚೋಕಾಗಲ್ಲ. ಬಕಲ್ಲು ತುಕ್ಕು ಹಿಡಿದಿದೆ.

ನಜಾರಿಯೊ: ಅದಕ್ಕೇನಂತೆ, ಮಿಷನ್ ಎಣ್ಣೆ ಇದೆಯಲ್ಲ!

ಎರ್ಮಿನಿಯೊ: ಎಣ್ಣೆ ಬೇಡ! ಅಂದ್ರೆ... ತುಕ್ಕಲ್ಲ, ಶಾಸ್ತ್ರ. ಮುಳುಗುಗಾರರಲ್ಲಿ ಒಂದು ನಂಬಿಕೆ ಇದೆ. ಒಂದ್ಸಲ ಕಟ್ಟಿದ ವಾಚನ್ನ ನೆಲದ ಮೇಲೆ ಬಿಚ್ಚಿದ್ರೆ ಮನೆಗೆ ಕೇಡು.

ನಜಾರಿಯೊ: ಓಹೋ! ನೀವು ಮುಳುಗುಗಾರರಾಗಿದ್ರಾ? ನನಗೆ ಗೊತ್ತೇ ಇರಲಿಲ್ಲ.

ಲೊರೆದಾನಾ: ನನಗೂ ಗೊತ್ತಿರಲಿಲ್ಲ. ಹಡಗಲ್ಲಿ ಅಡುಗೆ ಮಾಡ್ತಿದ್ದ ಮಾಸ್ಟರ್. ಮುಳುಗಿದ್ರೆ ಬೀನ್ಸ್ ಸೂಪಿನ ಹಂಡೇಲಿ ಮುಳುಗಿರಬೇಕು.

ಎರ್ಮಿನಿಯೊ: ಅಡುಗೆಯವನಿಗೆ ನಂಬಿಕೆ ಇರಬಾರದಾ?

ಲೊರೆದಾನಾ: ಇರಲಿ ಮಾರಾಯ. ಉಪ್ಪು ಚೆಲ್ಲಿದ್ರೆ ಕೇಡು ಅಂತ ನಂಬು. ಇನ್ನೊಬ್ಬರ ಕಸುಬಿನ ನಂಬಿಕೆ ನಿನಗ್ಯಾಕೆ?

ನಜಾರಿಯೊ ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಎರ್ಮಿನಿಯೊನ ಕಿವಿಯ ಹತ್ತಿರ ಬಂದ.

ನಜಾರಿಯೊ: ನನಗೆ ಅರ್ಥ ಆಯ್ತು. ವಾಚಿನ ಬೆನ್ನ ಮೇಲೆ ಸರ್ಕಾರದ ನಂಬರ್ ಇದೆ, ಅಲ್ವಾ? ಹಡಗು ಬಿಟ್ಟು ಬರುವಾಗ... ಜೊತೆಗೆ ಬಂತು. ನನ್ನ ಮುಂದೆ ಸಂಕೋಚ ಬೇಡ, ನನ್ನ ಬಾಯಿಂದ ಒಂದು ಮಾತು ಹೊರಗೆ ಹೋಗಲ್ಲ.

ಎರ್ಮಿನಿಯೊನಿಗೆ ಹೋದ ಜೀವ ಬಂದ ಹಾಗಾಯಿತು. ಹೆಣ್ಣಿನ ಹೆಸರಿಗಿಂತ ಕಳ್ಳತನ ಎಷ್ಟೋ ಮೇಲು!

ಎರ್ಮಿನಿಯೊ: ಹೌದು ಮಾಸ್ಟರ್! ಕದ್ದಿದ್ದೇ! ಏನು ಮಾಡೋದು, ಹುಡುಗಾಟದ ವಯಸ್ಸು.

ಲೊರೆದಾನಾ: ಅಯ್ಯೋ ದೇವರೇ! ಸಂತೇಲಿ ಕೊಂಡೆ ಅಂತಿದ್ದೆ!

ಎರ್ಮಿನಿಯೊ: ಸುಳ್ಳು ಹೇಳಿದ್ದೆ ಕಣೇ. ಕ್ಷಮಿಸು.

ಲೊರೆದಾನಾ: ಮೂವತ್ತು ವರ್ಷ ಕಳ್ಳನ ಜೊತೆ ಸಂಸಾರ ಮಾಡಿದೀನಲ್ಲಪ್ಪ! ಆಗಲಿ, ಕೆಟ್ಟ ಮೇಲಾದ್ರೂ ಬುದ್ಧಿ ಬಂತಲ್ಲ. ಮಾಸ್ಟರ್, ಈ ಬೀದಿ ಕೊನೇಲಿ ನೌಕಾ ವಸ್ತುಸಂಗ್ರಹಾಲಯ ಇದೆಯಲ್ಲ, ಈಗ ತೆಗೆದಿರುತ್ತಾ?

ನಜಾರಿಯೊ: ತೆಗೆದಿರುತ್ತೆ. ಅಲ್ಲಿ ಮುಳುಗುಗಾರರ ಸಾಮಾನಿಗೆ ಅಂತಾನೇ ಗಾಜಿನ ಬೀರು ಇದೆ. ಕೊಟ್ಟವರ ಹೆಸರನ್ನೂ ಹಾಕ್ತಾರೆ!

ಲೊರೆದಾನಾ: ನಡೀ ಹಾಗಾದ್ರೆ. ಮಗಳ ಮದುವೆಗೆ ಮುಂಚೆ ಸರ್ಕಾರದ ಸೊತ್ತು ಸರ್ಕಾರಕ್ಕೆ ಸೇರಿಸಿ ಬರೋಣ. ಬಿಚ್ಚು.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಂತಾಯಿತು. ಎರ್ಮಿನಿಯೊ ಬಲಗೈಯಿಂದ ವಾಚನ್ನು ಅವುಚಿಕೊಂಡು ಇಸ್ತ್ರಿ ಮೇಜಿನ ಹಿಂದಕ್ಕೆ ಸರಿದ.

ಎರ್ಮಿನಿಯೊ: ಕದ್ದಿಲ್ಲ! ಕದ್ದಿಲ್ಲ ಮಾರಾಯ್ತಿ, ಕೊಂಡಿದ್ದೇ.

ನಜಾರಿಯೊ: ಈಗಷ್ಟೇ ಕದ್ದೆ ಅಂದ್ರಿ?

ಎರ್ಮಿನಿಯೊ: ನೀವು ಅಷ್ಟು ಪ್ರೀತಿಯಿಂದ ಕೇಳಿದ್ರಲ್ಲ, ಇಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.

ನಜಾರಿಯೊ: ನಲವತ್ತು ವರ್ಷದಿಂದ ಅಂಗಿ ಹೊಲೀತಿದೀನಿ. ದಾಕ್ಷಿಣ್ಯಕ್ಕೆ ಕಳ್ಳ ಆದವರನ್ನ ಇವತ್ತೇ ನೋಡಿದ್ದು.

ಲೊರೆದಾನಾ: ಹಾಗಾದ್ರೆ ಬಿಚ್ಚೋಕೆ ಏನು ಧಾಡಿ ನಿನಗೆ?

ಎರ್ಮಿನಿಯೊ: ಧಾಡಿ ಅಲ್ಲ, ರೋಗ. ಅಡೀಲಿ... ಚರ್ಮದ್ದೊಂದು ಕಾಯಿಲೆ ಇದೆ. ನೋಡೋ ಹಾಗಿಲ್ಲ. ಮುಟ್ಟೋ ಹಾಗಂತೂ ಇಲ್ಲವೇ ಇಲ್ಲ.

ನಜಾರಿಯೊ: ಮುಟ್ಟೋ ಹಾಗಿಲ್ಲ ಅಂದ್ರೆ? ಅಂಟುತ್ತಾ?

ಎರ್ಮಿನಿಯೊ: ಸ್ವಲ್ಪ.

ನಜಾರಿಯೊ ಟೇಪನ್ನು ಕೊರಳಿಂದ ಕಿತ್ತು ದೂರದ ಕುರ್ಚಿಯ ಮೇಲೆ ಒಗೆದ. ತನ್ನ ಎರಡೂ ಕೈಗಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಎರ್ಮಿನಿಯೊ ಗೆದ್ದೆ ಅಂದುಕೊಂಡ.

ಲೊರೆದಾನಾ: ಅಂಟುರೋಗ! ಹಾಗಾದ್ರೆ ಶನಿವಾರದ ಕಥೆ ಏನು?

ಎರ್ಮಿನಿಯೊ: ಶನಿವಾರ ಏನು? ಮೇಲೆ ವಾಚಿರುತ್ತೆ, ಯಾರಿಗೂ ತಗಲಲ್ಲ.

ಲೊರೆದಾನಾ: ಮಗಳನ್ನ ಕೈಹಿಡಿದು ಚರ್ಚಿನ ಬಾಗಿಲಿಂದ ಪೀಠದವರೆಗೂ ನಡೆಸೋನು ನೀನು ಕಣೋ! ಅವಳು ನಿನ್ನ ಎಡಗೈಯನ್ನೇ ಹಿಡಿಯೋದು. ಬಿಳೀ ರೇಷ್ಮೆ ಕೈಗವಸು ಹಾಕ್ಕೊಂಡಿರ್ತಾಳೆ, ಪಾಪ. ಬೇಡಪ್ಪ ಬೇಡ. ಅವಳ ಸೋದರಮಾವನಿಗೆ ಹೇಳ್ತೀನಿ, ಅವನು ನಡೆಸ್ತಾನೆ. ನೀನು ಹಿಂದಿನ ಬೆಂಚಲ್ಲಿ ಕೂತ್ಕೊ.

ಸೆರೆನಾ ಹುಟ್ಟಿದ ದಿನದಿಂದ ಆ ಹತ್ತು ಹೆಜ್ಜೆ ನಡೆಯುವುದಕ್ಕೇ ಕಾದವನು ಎರ್ಮಿನಿಯೊ. ಮನೆಯಲ್ಲಿ ಯಾರೂ ಇಲ್ಲದಾಗ ಪೊರಕೆಯನ್ನು ಪಕ್ಕಕ್ಕೆ ಹಿಡಿದು ಹಜಾರದ ಉದ್ದಕ್ಕೂ ನಡೆದು ಅಭ್ಯಾಸ ಮಾಡಿದ್ದ. ಆ ಹೆಜ್ಜೆಗಳನ್ನು ಈಗ ಮೈದುನನಿಗೆ ಬಿಟ್ಟುಕೊಡುವುದೇ? ಅದೂ ಆ ಮೈದುನನಿಗೆ, ಇಸ್ಪೀಟಿನಲ್ಲಿ ಮೋಸ ಮಾಡುವವನಿಗೆ?

ಎರ್ಮಿನಿಯೊ: ಇಲ್ಲ. ಅದೊಂದು ಮಾತ್ರ ಆಗಲ್ಲ ಲೊರೆದಾನಾ. ಅವಳನ್ನ ನಾನೇ ನಡೆಸ್ತೀನಿ.

ಲೊರೆದಾನಾ: ರೋಗ?

ಎರ್ಮಿನಿಯೊ: ರೋಗ ಇಲ್ಲ. ತುಕ್ಕೂ ಇಲ್ಲ, ಶಾಸ್ತ್ರಾನೂ ಇಲ್ಲ. ತಗೋ, ನೀನೇ ಬಿಚ್ಚು. ನನ್ನ ಕೈಲಂತೂ ಆಗಲ್ಲ.

ಅವನು ಎಡಗೈ ಚಾಚಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಹಲ್ಲು ಕೀಳಿಸಿಕೊಳ್ಳುವವನ ಹಾಗೆ ನಿಂತಿದ್ದ. ಬಕಲ್ಲು ಕಳಚಿದ ಸದ್ದು ಕೇಳಿತು. ಮಣಿಕಟ್ಟಿಗೆ ಗಾಳಿ ತಗಲಿತು. ಇನ್ನೇನು ಸಿಡಿಲು ಬೀಳಬೇಕು ಅನ್ನುವಷ್ಟರಲ್ಲಿ ಅದರ ಮೇಲೆ ಬೆಚ್ಚನೆಯ ಅಂಗೈಯೊಂದು ಬಂದು ಕೂತಿತು. ಕಣ್ಣು ಬಿಟ್ಟರೆ ಲೊರೆದಾನಾ ದರ್ಜಿಯ ಕಡೆ ತಿರುಗಿ ಮಾತಾಡುತ್ತಿದ್ದಾಳೆ. ಕೈಯ ಕಡೆ ನೋಡಿಯೂ ಇಲ್ಲ. ನೋಡದೆಯೇ ಅವಳ ಅಂಗೈ ಹೆಸರಿನ ಮೇಲೇ ಕೂತಿದೆ, ಒಂದು ಅಕ್ಷರವೂ ಆಚೆಗೆ ಕಾಣದ ಹಾಗೆ.

ಲೊರೆದಾನಾ: ಹ್ಞೂಂ ಮಾಸ್ಟರ್, ಅಳತೆ ತಗೊಳ್ಳಿ.

ನಜಾರಿಯೊ: ಅಂಟಲ್ಲ ತಾನೆ?

ಲೊರೆದಾನಾ: ಅಂಟಿದ್ರೆ ನನಗೆ ಅಂಟುತ್ತೆ. ತಗೊಳ್ಳಿ.

ನಜಾರಿಯೊ: ನಿಮ್ಮ ಕೈ ತೆಗೀಬೇಕು ಸಿನ್ಯೋರಾ.

ಲೊರೆದಾನಾ: ತೆಗೆಯೋದಿಲ್ಲ. ನನ್ನ ಕೈ ಸೇರಿಸಿಯೇ ಅಳೀರಿ.

ನಜಾರಿಯೊ: ಸೇರಿಸಿದ್ರೆ ಕಫ್ಫು ಮತ್ತೆ ಬಾಣಲೆ ಮುಚ್ಚಳದಷ್ಟೇ ಆಗುತ್ತಲ್ಲ!

ಲೊರೆದಾನಾ: ಆಗ್ಲಿ. ಅಷ್ಟೇ ಇರಲಿ.

ನಜಾರಿಯೊ: ಬೇಡ್ವೇ ಬೇಡ ಅಂದೋರು ನೀವೇ!

ಲೊರೆದಾನಾ: ಈಗ ಬೇಕೇ ಬೇಕು ಅಂತಿರೋಳೂ ನಾನೇ. ಹೋಗಿ, ಒಳ್ಳೆ ಮುತ್ತಿನ ಗುಂಡಿ ಇದ್ರೆ ತನ್ನಿ. ಆ ಕಫ್ಫಿಗೆ ಎರಡು ಹೆಚ್ಚೇ ಬೇಕು.

ನಜಾರಿಯೊ ಅಳತೆ ಬರೆದುಕೊಂಡು, ತನಗೆ ತಾನೇ ಏನೋ ಗೊಣಗಿಕೊಳ್ಳುತ್ತ ಒಳಗೆ ಹೋದ. ಗಂಡ ಹೆಂಡತಿ ಇಬ್ಬರೇ ಉಳಿದರು.

ಎರ್ಮಿನಿಯೊ: ನಿನಗೆ... ಗೊತ್ತಿತ್ತಾ?

ಲೊರೆದಾನಾ: ಮೊದಲನೇ ವರ್ಷವೇ. ನಿನಗೆ ಅಪೆಂಡಿಕ್ಸ್ ಆಪರೇಷನ್ ಆಯ್ತಲ್ಲ, ಆಗ ಆಸ್ಪತ್ರೆಯವರು ವಾಚು ಬಿಚ್ಚಿ ನನ್ನ ಕೈಗೆ ಕೊಟ್ರು. ರಾತ್ರಿಯೆಲ್ಲ ಈ ಕೈ ಹಿಡ್ಕೊಂಡೇ ಕೂತಿದ್ದೆ.

ಎರ್ಮಿನಿಯೊ: ಅತ್ತುಬಿಟ್ಟೆಯಾ?

ಲೊರೆದಾನಾ: ಅಳದೆ ಇರ್ತೀನಾ? ಅತ್ತೆ, ಬೈದೆ, ಗಂಟು ಮೂಟೆ ಕಟ್ಟಿ ತವರಿಗೆ ಹೋಗ್ತೀನಿ ಅಂತಾನೂ ಅಂದ್ಕೊಂಡೆ. ಬೆಳಗಿನ ಜಾವ ನಿನಗೆ ಅರೆಬರೆ ಎಚ್ಚರ ಆಯ್ತು. ನೀರು ಕೇಳಲಿಲ್ಲ, ಡಾಕ್ಟರನ್ನ ಕೇಳಲಿಲ್ಲ. ‘ವಾಚು, ವಾಚು, ಲೊರೆದಾನಾ ನೋಡಿಬಿಡ್ತಾಳೆ’ ಅಂತ ತಡಕಾಡಿದೆ. ನನ್ನ ಮನಸ್ಸು ನೋಯಬಾರದು ಅಂತ ಆ ಸ್ಥಿತೀಲೂ ಒದ್ದಾಡ್ತಿದ್ದೆ ನೀನು. ಹಾಗೆ ಒದ್ದಾಡೋ ಗಂಡ ಎಷ್ಟು ಜನಕ್ಕೆ ಸಿಕ್ತಾನೆ? ನಾನೇ ಕಟ್ಟಿದೆ, ನೀನು ನಿದ್ದೆ ಹೋದೆ.

ಎರ್ಮಿನಿಯೊನಿಗೆ ಕಣ್ಣು ತುಂಬಿ ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು.

ಎರ್ಮಿನಿಯೊ: ಮತ್ತೆ ಇವತ್ಯಾಕೆ ನನ್ನ ಜೀವ ಹಿಂಡಿದೆ?

ಲೊರೆದಾನಾ: ಬೀಗಿತ್ತಿ ವಾಚು ಬಂದಾಗ ಅಂದ್ಕೊಂಡೆ, ಈಗಲಾದ್ರೂ ಬಾಯಿಬಿಟ್ಟು ಹೇಳ್ತಾನೆ ಅಂತ. ಎಲ್ಲಿ! ಕಳ್ಳನಾದೆ, ಮುಳುಗುಗಾರನಾದೆ, ರೋಗಿಯಾದೆ. ನಿಜ ಹೇಳೋನು ಮಾತ್ರ ಆಗಲಿಲ್ಲ.

ಎರ್ಮಿನಿಯೊ: ಸರಿ, ಈಗ ಗೊತ್ತಾಯ್ತಲ್ಲ. ಇನ್ನು ಇದರ ಹಂಗೇ ಬೇಡ. ಶನಿವಾರ ಹಗುರವಾಗಿ ಚಿನ್ನದ ವಾಚು ಕಟ್ಕೊಂಡು ಹೋಗ್ತೀನಿ.

ಲೊರೆದಾನಾ: ಕಟ್ಕೊ, ಬಲಗೈಗೆ. ಎಡಗೈಗೆ ಇದು ಇರಲೇಬೇಕು.

ಎರ್ಮಿನಿಯೊ: ಎರಡೆರಡು ವಾಚಾ? ಜನ ನಗಲ್ವೇನೇ?

ಲೊರೆದಾನಾ: ನಗಲಿ. ಬೀಗಿತ್ತಿಯ ಹೆಸರನ್ನ ಕೈಮೇಲೆ ಹಚ್ಚೆ ಹಾಕಿಸ್ಕೊಂಡು ಬಂದ ಬೀಗನನ್ನ ನೋಡಿ ನಗೋದಕ್ಕಿಂತ ಇದು ವಾಸಿ. ಸಾಲದ್ದಕ್ಕೆ ಆ ಬೀಗಿತ್ತಿ ವಿಧವೆ!

ಅವಳು ವಾಚನ್ನು ಎತ್ತಿ ಅವನ ಕೈಗೆ ಮತ್ತೆ ಕಟ್ಟತೊಡಗಿದಳು. ಎಷ್ಟನೇ ತೂತಿಗೆ ಬಕಲ್ಲು ಹಾಕಬೇಕು ಅಂತ ಅವಳು ಕೇಳಲಿಲ್ಲ. ಎರ್ಮಿನಿಯೊ ಮೂವತ್ತು ವರ್ಷದ ಲೆಕ್ಕ ಒಪ್ಪಿಸತೊಡಗಿದ.

ಎರ್ಮಿನಿಯೊ: ಅಲ್ಲ ಕಣೇ, ಬೇಸಿಗೇಲಿ ಇದರಡಿ ಬೆವರುಗುಳ್ಳೆ, ಚಳಿಗಾಲದಲ್ಲಿ ಮಂಜುಗಡ್ಡೆ! ನಿದ್ದೇಲಿ ಮಗ್ಗಲು ಬದಲಾಯಿಸಿ ನನ್ನ ಮೂಗಿಗೆ ನಾನೇ ಎಷ್ಟು ಸಲ ಗುದ್ದಿಕೊಂಡಿದೀನಿ! ಗೊತ್ತು ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ಲೊರೆದಾನಾ: ಮಣಿಕಟ್ಟಿನ ಮೇಲೆ ಬರೆಸ್ಕೊಂಡೆ, ನಿನ್ನ ಪುಣ್ಯ. ಬೆನ್ನ ಮೇಲೆ ಬರೆಸ್ಕೊಂಡಿದ್ರೆ ಮೂವತ್ತು ವರ್ಷ ಗೋಡೆ ಗಡಿಯಾರ ಹೊರಿಸ್ತಿದ್ದೆ!