ಕಿಟಕಿಯ ಮೊದಲಿನ ಫೋಟೋ

ಆದಾಯ ತೆರಿಗೆಯೇ ಇಲ್ಲದ ದೇಶದಲ್ಲಿ ಕೂತವನಿಗೆ ತೆರಿಗೆ ರಿಯಾಯಿತಿಯ ಆಸೆ ಹುಟ್ಟಬಾರದು. ನನಗೆ ಹುಟ್ಟಿತು. ತಪ್ಪು ಜರ್ಮನಿಯಲ್ಲಿರುವ ನನ್ನ ಷಡ್ಡಕನದು. ಶಾಖ ಸೋರದ ಕಿಟಕಿ ಹಾಕಿಸಿದ್ದಕ್ಕೆ ಅಲ್ಲಿನ ಸರ್ಕಾರ ಅವನ ತೆರಿಗೆಯನ್ನೇ ಇಳಿಸಿತಂತೆ. ಅದನ್ನು ಫೋನಿನಲ್ಲಿ ಮೂರು ಸಲ ಹೇಳಿದ. ದೋಹಾದಲ್ಲಿ ಇಳಿಸಲು ತೆರಿಗೆಯಾದರೂ ಎಲ್ಲಿದೆ? ಹೊಟ್ಟೆಕಿಚ್ಚು ತಡೆಯದೆ ನಮ್ಮ ಕಂಪನಿಯ ಮ್ಯಾನೇಜರಿಗೆ ಸಲಹೆ ಬರೆದೆ: ಕ್ವಾರ್ಟರ್ಸಿನಲ್ಲಿ ಯಾರು ಕರೆಂಟು ಉಳಿಸುವ ದುರಸ್ತಿ ಮಾಡಿಸುತ್ತಾರೋ ಅವರಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಬೇಕು. ಅವರು ಒಪ್ಪಿ, "ನಿಯಮಗಳನ್ನೂ ನೀವೇ ಬರೆಯಿರಿ" ಎಂದರು. ನಿಯಮ ಬರೆಯುವುದೆಂದರೆ ನನಗೆ ಹಬ್ಬದೂಟ. ಯಾರೂ ಮೋಸ ಮಾಡಬಾರದೆಂದು, ದುರಸ್ತಿಗೆ ಮೊದಲಿನದೊಂದು, ನಂತರದ್ದೊಂದು ಫೋಟೋ ಕಡ್ಡಾಯ ಎಂದು ಬರೆದು ಅಡಿಗೆರೆಯನ್ನೂ ಎಳೆದೆ.

ಅಲ್ ಥುಮಾಮಾ ಬಡಾವಣೆಯ ನಮ್ಮ ಕ್ವಾರ್ಟರ್ಸಿನಲ್ಲಿ ಮಗಳು ಓದುವ ಕೋಣೆ ಪಶ್ಚಿಮಕ್ಕಿದೆ. ಬೇಸಿಗೆಯಲ್ಲಿ ಅಲ್ಲಿನ ಎ.ಸಿ. ಬರೀ ಗುರುಗುಟ್ಟುತ್ತದೆ, ತಂಪು ಮಾಡುವುದಿಲ್ಲ. ಅವಳ ಪರೀಕ್ಷೆ ಹತ್ತಿರ ಬಂದಿತ್ತು. ನನ್ನ ಹೆಂಡತಿ ಸುಮಿತ್ರಾ ಧಾರವಾಡದವಳು, ಸುತ್ತೋಲೆಗಳನ್ನು ಓದುವವಳಲ್ಲ. ನಾನು ಆಫೀಸಿನಲ್ಲಿದ್ದಾಗ ಮಲಯಾಳಿ ಕೆಲಸಗಾರನೊಬ್ಬನನ್ನು ಕರೆಸಿ ಕಿಟಕಿಗೆ ಬಿಸಿಲು ತಡೆಯುವ ಹಾಳೆ ಅಂಟಿಸಿಬಿಟ್ಟಳು. ಕೋಣೆ ತಣ್ಣಗಾಯಿತು. ನಾನು ನಂತರದ ಫೋಟೋ ತೆಗೆದು, ಹೆಮ್ಮೆಯಿಂದ ಮೊದಲ ಅರ್ಜಿ ಹಾಕಿದೆ.

ಅರ್ಜಿ ಪರಿಶೀಲಿಸುವವನು ನನ್ನ ಕೈಕೆಳಗಿನ ಮೈಸೂರಿನ ನಾಗೇಶ. "ಸರ್, ಮೊದಲಿನ ಫೋಟೋ ಇಲ್ವಲ್ಲ?"

"ಅಂಟಿಸಿ ಆಯ್ತಲ್ಲಪ್ಪ, ಖಲಾಸ್!"

"ನಿಮ್ದೇ ರೂಲ್ ಸರ್. ಅಂಡರ್‌ಲೈನ್ ಬೇರೆ ಮಾಡಿದ್ದೀರ."

ಶುಕ್ರವಾರ ರಜೆ. ಸುಮಿತ್ರಾ ತರಕಾರಿಗೆ ಹೋದಾಗ ಹಾಳೆಯನ್ನು ಮೆಲ್ಲಗೆ ಸುಲಿದೆ. ಬರಿಗಾಜಿನ ಫೋಟೋ ತೆಗೆದು ಮತ್ತೆ ಅಂಟಿಸುವುದು ನನ್ನ ಯೋಜನೆ. ಫೋಟೋ ಬಂತು. ಹಾಳೆ ಮಾತ್ರ ಕಾವಲಿಗೆ ಅಂಟಿಕೊಂಡ ದೋಸೆಯಂತೆ ಮುದುಡಿ ಕೈಗೆ ಬಂತು. ಬಾಗಿಲಲ್ಲಿ ಸುಮಿತ್ರಾ ನಿಂತಿದ್ದಳು.

"ಏನ್ ಮಾಡಾಕತ್ತೀರಿ?"

"ಮೊದಲಿನ ಫೋಟೋ..."

"ಖೋಲಿ ತಣ್ಣಗಿತ್ತಲ್ಲ, ಅದು ಸಾಲಲಿಲ್ಲೇನ್ರೀ ನಿಮಗ? ಈಗ ಹುಡುಗಿ ಎಲ್ಲಿ ಕುಂತು ಓದಬೇಕು?"

ಮಗಳು ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಬೈದಿದ್ದರೆ ವಾಸಿಯಿತ್ತು.

ಭಾನುವಾರ ಆಫೀಸು ತೆರೆದಾಗ ನಾಗೇಶ ಫೋಟೋ ನೋಡಿದ. "ಚೆನ್ನಾಗಿ ಬಂದಿದೆ ಸರ್. ಆದ್ರೆ ಮೊದಲಿನ ಫೋಟೋ ನಂತರದ್ದಕ್ಕಿಂತ ಆಮೇಲೆ ತೆಗೆದಿದ್ದು ಅಂತ ತಾರೀಖು ತೋರಿಸ್ತಿದೆಯಲ್ಲ?" ಅರ್ಜಿ ವಾಪಸಾಯಿತು.

ಸುಮಿತ್ರಾ ಅದೇ ಕೆಲಸಗಾರನನ್ನು ಕರೆಸಿ ಹೊಸ ಹಾಳೆ ಹಾಕಿಸಿದಳು; ನಾನು ಫೋನು ಹಿಡಿದು ಆ ಕೋಣೆಗೆ ಕಾಲಿಡಕೂಡದು ಎಂಬ ಷರತ್ತಿನ ಮೇಲೆ. ಹಾಗಾಗಿ ಈಗ ನನ್ನ ಹತ್ತಿರ ಮೊದಲಿನ ಫೋಟೋ ಇದೆ, ಹೊಸ ಹಾಳೆ ಹಾಕಿದ ನಂತರದ್ದಿಲ್ಲ.

ಜನ ಗೊಣಗುತ್ತಿದ್ದಾರೆ, ಫೋಟೋ ನಿಯಮ ಸಡಿಲಿಸೋಣವೇ ಎಂದು ಮ್ಯಾನೇಜರು ಮೊನ್ನೆ ಕೇಳಿದರು. ಬೇಡವೇ ಬೇಡ ಎಂದೆ. ನಾನೊಬ್ಬನೇ ಸಿಕ್ಕಿಬಿದ್ದು ಉಳಿದವರೆಲ್ಲ ಪಾರಾಗುವುದು ಯಾವ ನ್ಯಾಯ?