ತಾಮ್ರದ ಮಿಸ್ತ್ರಿ ಮಗಳ ಲಗ್ನ

ಕುಷಾಯಿಗೂಡದ ನಮ್ಮ ಓಣ್ಯಾಗ ಮಳಿ ಬರೂದು ತಪ್ಪೀತು, ರಗಳಿ ತಪ್ಪೂದಿಲ್ಲ. ನಾನೇನು ಮಂದಿ ಕಿಟಕಿಗೆ ಕಿವಿ ಹಚ್ಚಿ ಕುಂಡ್ರೂದಿಲ್ಲ. ಅವರ ಕಿಟಕೀನ ನನ್ನ ಕಡಿ ತೆರದೈತಿ.

ಬಿಸಿಲಿಗೆ ಊದಿನಕಡ್ಡಿ

ಊರ ತುಂಬ ಕಂಪ್ಯೂಟರ್ ಕಂಪನಿ, ಫ್ಲಾಟು ಏಳಾಕತ್ತಿದ್ದ ಕಾಲ. ಬಾಜೂ ಮನಿಯವ ಸುಟ್ಟ ನೀರಿನ ಮೋಟರಿಗೆ ಹೊಸಾ ತಾಮ್ರದ ತಂತಿ ಸುತ್ತೂ ಮಿಸ್ತ್ರಿ. ಬ್ಯಾಸಿಗ್ಯಾಗ ನಾವು "ಸತ್ತೆವಪ್ಪೋ" ಅಂದ್ರ, ಇವ ಸೂರ್ಯಗ ಊದಿನಕಡ್ಡಿ ಬೆಳಗ್ತಿದ್ದ. ಊರ ಮೋಟರ್ ಸುಟ್ರ ಇವನ ಮನ್ಯಾಗ ಹೋಳಗಿ.

"ಅಕ್ಕಾರ, ವರ್ಷಾ ವರ್ಷಾ ಬಿಸಿಲು ಏರಾಕತ್ತೈತಿ. ಎಲ್ಲಾರೂ ಏಸಿ ತರ್ತಾರ. ಏಸಿ ಒಳಗ ತಾಮ್ರ, ಮೋಟರ್ ಒಳಗ ತಾಮ್ರ. ಇನ್ನ ತಾಮ್ರಾನ ಬಂಗಾರ!" ಅಂದ. ಮಗಳ ಲಗ್ನಕ್ಕ ಇಟ್ಟ ಬಂಗಾರ, ಹೆಂಡ್ತಿ ಕೈಯಾಗಿನ ಬಿಲ್ವಾರ ಎಲ್ಲಾ ಮಾರಿ ತಂತಿ ತಂದು ಮಂಚದ ಬುಡಕ ತುಂಬಿದ. ದರ ಏರಿದ ಮ್ಯಾಲ ಲಗ್ನ ಅಂದ.

ಅವನ ಹೆಂಡ್ತಿ ಒಂದು ಮದುವ್ಯಾಗ ಬರಿಗೈಲೆ ಕುಂತಿದ್ಲು. "ಯಾಕವ್ವಾ, ಬಿಲ್ವಾರ ಎಲ್ಲಿ?" ಅಂದೆ.

"ಮಂಚದ ಬುಡಕ ಅದಾವ. ಹಾಕ್ಕೊಂಡ್ರ ಶಾಕ್ ಹೊಡೀತಾವ," ಅಂದ್ಲು.

ಸುರುಳಿ ಮ್ಯಾಲಿನ ವರ

ಊರ ಇನ್ನೊಂದು ತುದಿ ಕೂಕಟ್‌ಪಲ್ಲಿಯಿಂದ ನಮ್ಮ ಕನ್ನಡದ ಕಡೀ ಹುಡುಗ ಒಬ್ಬ ಹೆಣ್ಣು ನೋಡಾಕ ಬಂದ. ಮಳಿ-ಬಿಸಿಲಿಂದ ಏನೇನು ಲುಕ್ಸಾನಂತ ಹೊರದೇಶದ ವಿಮಾ ಕಂಪನಿಗೆ ಲೆಕ್ಕ ಹಾಕೂ ನೌಕರಿ. ಕುರ್ಚಿಗೆ ಜಾಗಿಲ್ಲ, ತಂತಿ ಸುರುಳಿ ಮ್ಯಾಲ ಜಮಖಾನಿ ಹಾಸಿ ಕುಂಡ್ರಿಸಿದ್ರು. ಮಿಸ್ತ್ರಿ ತಾಮ್ರದ ಪುರಾಣ ತೆಗದ.

"ಮಾವಾರ, ಬಿಸಿಲು ಏರಿದ್ರ ಬೆಳಿ ಹೋಗ್ತಾವ, ಜ್ವಾಳ ತುಟ್ಟಿ ಆಗ್ತಾವ, ನೀರು ಕೊಂಡು ಕುಡೀಬೇಕು. ರೊಕ್ಕೆಲ್ಲ ಅದಕ್ಕ ಹೋದ್ರ ಮಂದಿ ಮನಿ ಎಲ್ಲಿ ಕಟ್ತಾರ, ತಂತಿ ಯಾರು ತಗೋತಾರ?"

"ಸೆಕಿ ಆದ್ರ ಏಸಿ ಬ್ಯಾಡೇನು?"

"ಬೇಕ್ರಿ. ಬೇಕನಿಸಿದವರೆಲ್ಲಾ ಕೊಳ್ಳಾಕ ಆಗತೈತೇನ್ರಿ?"

"ಏಸ್ಯಾಗ ಕುಂಡ್ರೂ ಮಗನ, ನನಗ ಬಿಸಿಲು ಕಲಿಸ್ತೀಯೇನು? ಏಳು!"

ಹುಡುಗ ಎದ್ದ. ಪ್ಯಾಂಟಿಗೆ ತಂತಿ ಸಿಕ್ಕಿತ್ತು. ಬ್ಯಾಡಂದವರ ತಾಮ್ರ ಎಳಕೋತ ಓಣಿ ತುದಿತನ ಹೋದ.

ನಗೂ ಟಾಕಿ

ಮರುವರ್ಷ ಬೋರೆಲ್ಲ ಬತ್ತಿದ್ವು. ನೀರಿಲ್ಲಂದ್ರ ಮೋಟರ್ ಯಾಕ ತಿರಗತೈತಿ, ಯಾಕ ಸುಡತೈತಿ? ಮಂದಿ ಪಗಾರೆಲ್ಲ ಟ್ಯಾಂಕರ್ ನೀರಿಗೆ ಹೋತು. ಫ್ಲಾಟ್ ಕಟ್ಟೂದು ನಿಂತಿತು, ತಾಮ್ರದ ದರ ಬಿತ್ತು. ಮಿಸ್ತ್ರಿ ಅಂಗಡ್ಯಾಗ ನೊಣ ಹೊಡಕೋತ ಕುಂತ. ಹುಡುಗಿಗೆ ವಯಸ್ಸಾಗಾಕತ್ತಿತ್ತು, ಬಂದ ವರ ಎಲ್ಲಾ ಬರಿಗೈ ನೋಡಿ ಹೊಳ್ಳಿ ಹೋದ್ರು. ಹುಡುಗಿ ಅವ್ವ ಅಳದ ದಿನ ಇರಲಿಲ್ಲ.

ಮಗಳು ಮಾತ್ರ ದಿನಾ ಸಂಜೀಕ "ನೀರಿನ ಟಾಕಿ ನೋಡಿ ಬರ್ತೀನಿ" ಅಂತ ಮೊಬೈಲ್ ಹಿಡಕೊಂಡು ಮಾಳಗಿ ಏರ್ತಿದ್ಲು. ಹನಿ ನೀರಿಲ್ಲದ ಟಾಕಿ ತಾಸುಗಟ್ಲೆ ನೋಡ್ತಾರೇನು? ನಾನ ಹೋಗಿ ಅವರವ್ವಗ ಹೇಳಿದೆ: "ನಿಮ್ಮ ಟಾಕಿ ನಗಾಕತ್ತೈತಿ ನೋಡವ್ವಾ, ಗಂಡಸಿನ ದನೀಲೆ."

ತುಂಬಿದ ಕೊಡ

"ಆ ಕೂಕಟ್‌ಪಲ್ಲಿಯವನ್ನ ಬಿಟ್ರ ನನಗ ಲಗ್ನಾನ ಬ್ಯಾಡ," ಅಂದ್ಲು ಹುಡುಗಿ. ಮೊಬೈಲ್‌ನ್ಯಾಗ ನಗೂ ದನಿ ಅವಂದ ಆಗಿತ್ತು. ಮಿಸ್ತ್ರಿ ಮುಖ ಕೆಳಗ ಮಾಡಿಕೊಂಡು ಹೋಗಿ ಹುಡುಗನ ಕೈ ಹಿಡದ. ಹುಡುಗನ ಮನಿಯವರು ಹೂಂ ಅಂದ್ರು. ಆದ್ರ ಮಗಳಿಗೆ ಕೊಡಾಕ ಮನ್ಯಾಗ ತಂತಿ ಬಿಟ್ಟು ಏನಿತ್ತು? ಅಬಿಡ್ಸ್ ಪ್ಯಾಟಿ ಕಡೆ ಹಳೇ ತಾಮ್ರಕ್ಕ ಹೊಸಾ ಪಾತ್ರಿ ಕೊಡೂ ಅಂಗಡಿಗೆ ಬಾಳಷ್ಟು ತಂತಿ ಹಾಕಿ, ಲಾರಿ ತುಂಬ ಹಂಡೆ, ಕೊಡ, ಗಂಗಾಳ ತಂದ.

ಲಗ್ನ ಮುಗಿಸಿ ಕೂಕಟ್‌ಪಲ್ಲಿ ಫ್ಲಾಟಿಗೆ ಮಗಳನ್ನ ಕರಕೊಂಡು ಹೋದ್ರ, ಹುಡುಗನ ಅವ್ವ, ಬೀಗತಿ, ಬಾಗಲಾಗ ಅಡ್ಡ ನಿಂತ್ಲು. "ಬೀಗರ, ನಮ್ಮಾಗ ಖಾಲಿ ಕೊಡ ಹೊಸ್ತಿಲ ದಾಟೂದಿಲ್ಲ. ಎಲ್ಲಾ ತುಂಬಿಸಿ ಕೊಡ್ರಿ."

ಉಳದ ತಂತೀನೂ ಮಾರಿ ಮಿಸ್ತ್ರಿ ಟ್ಯಾಂಕರ್ ತರಿಸಿದ. ಅದು ಬಂದದ್ದ ತಡ, ಫ್ಲಾಟಿನ ಮಂದಿ ಮದುಮಗಳನ್ನ ಬಿಟ್ಟು ಬಕೇಟು ಹಿಡಕೊಂಡು ಅದರ ಹಿಂದ ಓಡಿದ್ರು. ಆರತಿ ಹಿಡದು ನಿಂತಿದ್ದ ಬೀಗತೀನೂ ಓಡಿದ್ಲು. ಸೊಸಿಗಿಂತ ಮೊದಲ ಟ್ಯಾಂಕರ್‌ಗೇ ಬೆಳಗಿದ್ಲು.